ವಯೋಮಿತಿ ಸಡಿಲಿಕೆ

ಅರ್ಜಿಯಲ್ಲಿ 'ವಿವಾಹಿತೆ' ಎಂಬ ಚೌಕಕ್ಕೆ ಗುರುತು ಹಾಕಿ ಕೊಟ್ಟಿದ್ದೆ. ಈ ವರ್ಷ ಇದು ನಾಲ್ಕನೆಯ ಅರ್ಜಿ. ಮೊದಲಿನ ಮೂರೂ ವಯಸ್ಸು ಮೀರಿದೆ ಎಂದು ಅಂಚೆಯಲ್ಲೇ ವಾಪಸು ಬಂದಿದ್ದವು.

ವಿಶ್ವವಿದ್ಯಾಲಯದ ಆ ಕಟ್ಟಡದಲ್ಲಿ ಫ್ಯಾನುಗಳು ಬಹಳ ಎತ್ತರದಲ್ಲಿ ತಿರುಗುತ್ತಿದ್ದವು. ಕಾರಿಡಾರಿನಲ್ಲಿ ಜನ ನೀರಿನೊಳಗೆ ನಡೆಯುವ ಹಾಗೆ ಕಾಣುತ್ತಿದ್ದರು. ಒಂದು ವರ್ಷದಿಂದ ನನಗೆ ಎಲ್ಲವೂ ಹೀಗೆಯೇ ಕಾಣುತ್ತದೆ. ಪಕ್ಕದಲ್ಲಿ ಅತ್ತೆ ತುಂಗಮ್ಮ ಕೂತಿದ್ದರು. ಈ ಪರ ಊರಿನಲ್ಲಿ, ನದಿ ದಡದ ದಕ್ಷಿಣೇಶ್ವರದ ಮನೆಯಲ್ಲಿ ಒಬ್ಬರೇ ಇರುವುದು ಇಬ್ಬರಿಗೂ ಆಗುವುದಿಲ್ಲ. ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತೇವೆ.

ಅರ್ಜಿ ಹಾಕಿದ್ದು ನದಿಯ ಹೂಳಿನ ಮೇಲಿನ ಮೂರು ವರ್ಷದ ಸಂಶೋಧನೆಗೆ. ಸಹಾಯಕರ ಹುದ್ದೆ ಒಂದೇ. ನಾನು ಓದಿದ್ದು ಭೂವಿಜ್ಞಾನ. ವಯೋಮಿತಿ ಮೂವತ್ತೆರಡು, ನನಗೆ ಮಾರ್ಚಿನಲ್ಲಿ ಮೂವತ್ತಮೂರು ತುಂಬಿತ್ತು. ವಿಧವೆಯರಿಗೆ ಐದು ವರ್ಷ ಸಡಿಲಿಕೆ ಎಂದು ಜಾಹೀರಾತಿನ ಕೊನೆಯಲ್ಲಿತ್ತು. ಓದಿದ್ದೆ. ಆ ಪದವನ್ನು ಮನೆಯಲ್ಲಿ ನಾವಿಬ್ಬರೂ ಆಡಿಲ್ಲ. ಅತ್ತೆ ತಮ್ಮ ಮಗ ಧ್ರುವನ ಬಗ್ಗೆ 'ಹೋಗ್ಯಾನ' ಎನ್ನುತ್ತಾರೆ, ಸೆಕ್ಟರ್ ಫೈವ್‌ನ ಆಫೀಸಿಗೆ ಹೋದ ಹಾಗೆ.

ಕಚೇರಿಯ ತನುಶ್ರೀ ಅರ್ಜಿ ಹಿಡಿದು ಹೊರಗೆ ಬಂದರು. ಹಿಂದಿಯಲ್ಲಿ ಕೇಳಿದರು: "ದೀದಿ, ಒಂದು ವರ್ಷ ಜಾಸ್ತಿ ಇದೆ. ಸಡಿಲಿಕೆಗೆ ಏನಾದರೂ ಕಾಗದ ಇದೆಯಾ? ಇಲ್ಲದಿದ್ದರೆ ಸರ್ ಒಳಗೇ ಬಿಡೋದಿಲ್ಲ."

"ಇಲ್ಲ," ಎಂದು ಅರ್ಜಿ ವಾಪಸು ಪಡೆಯಲು ಕೈ ಚಾಚಿದೆ.

"ಏನಂತಾಳ ಆಕಿ?" ಅತ್ತೆ ಕೇಳಿದರು.

"ವಯಸ್ಸು ಮೀರೇತಂತ. ನಡೀರಿ, ಹೋಗೂಣು."

"ಮತ್ತೇನೋ ಕೇಳಿದಳಲ್ಲ."

ಹೇಳಿದೆ. ಆ ಪದದ ಬದಲು 'ಗಂಡ ಇಲ್ಲದವರಿಗೆ' ಎಂದೆ.

ಅತ್ತೆ ಸ್ವಲ್ಪ ಹೊತ್ತು ಮೇಲಿನ ಫ್ಯಾನು ನೋಡಿದರು. "ಮೂರು ಅರ್ಜೀನೂ ಹಿಂಗಽ ವಾಪಸ್ ಬಂದ್ವೇನ?"

ಹೌದೆಂದು ತಲೆಯಾಡಿಸಿದೆ.

ಅತ್ತೆ ತನುಶ್ರೀಯ ಕಡೆ ತಿರುಗಿದರು. "ಮೇರಾ ಬೇಟಾ ಮರ್ ಗಯಾ," ಮಗ ಸತ್ತುಹೋದ ಎಂದು ತಮಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ ಹೇಳಿದರು, ಬಸ್ಸಿನಲ್ಲಿ ಇಳಿಯುವ ಜಾಗ ಹೇಳುವ ದನಿಯಲ್ಲಿ. ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಧ್ರುವನ ಮರಣ ಪ್ರಮಾಣಪತ್ರ. ಅದನ್ನು ಅವರು ಹೊತ್ತು ತಿರುಗುತ್ತಿದ್ದುದು ನನಗೆ ಗೊತ್ತಿರಲಿಲ್ಲ.

ತನುಶ್ರೀ ಪೆನ್ನು ಕೊಟ್ಟರು. ಹಳೆಯ ಗುರುತನ್ನು ಹೊಡೆದು ಪಕ್ಕದ ಚೌಕಕ್ಕೆ ಗುರುತು ಹಾಕಿದೆ.

ಒಳಗೆ ವಯಸ್ಸಾದ ಪ್ರೊಫೆಸರು ಒಬ್ಬರೇ ಇದ್ದರು. "ಹೋದ ವರ್ಷದ ಜಾಗ ಖಾಲಿ ಬಿಟ್ಟಿದ್ದೀರಿ. ಏನು ಮಾಡುತ್ತಿದ್ದಿರಿ?"

"ಗಂಡ ತೀರಿಕೊಂಡರು. ಘಾಟಿನ ಮೆಟ್ಟಿಲ ಮೇಲೆ ಕೂತು ನದಿ ನೋಡುತ್ತಿದ್ದೆ."

ಅವರು ಅಯ್ಯೋ ಎನ್ನಲಿಲ್ಲ. "ನೀರು ಇಳಿದಾಗ ಕೆಸರು ಯಾವ ಬಣ್ಣ?" ಎಂದರು.

ಮೊದಲು ಬೂದಿ, ಎಂದೆ. ಬಿಸಿಲು ಬಿದ್ದರೆ ಅಂಚಿನಲ್ಲಿ ಕಂದು. ಮಳೆಗಾಲದಲ್ಲಿ ಮೇಲೆ ತೆಳ್ಳಗೆ ಹೊಸ ಪದರ ಕೂರುತ್ತದೆ, ಹಾಲಿನ ಕೆನೆಯಂತೆ, ಮರುದಿನ ಇರುವುದಿಲ್ಲ. ಚಳಿಗಾಲದ ಬೆಳಗ್ಗೆ ಅದು ನೀಲಿ. ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ನನ್ನ ದನಿ ಆಚೆ ದಡದಿಂದ ಬರುವಂತೆ ಕೇಳುತ್ತಿತ್ತು. ಅವರು ಬರೆದುಕೊಳ್ಳುತ್ತಿದ್ದರು.

"ಸೋಮವಾರ ಬನ್ನಿ," ಎಂದರು.

ಹೊರಗೆ ಅತ್ತೆ ನಿಂತೇ ಇದ್ದರು. "ಕೊಟ್ರೋ ಇಲ್ಲೋ?"

"ಕೊಟ್ರು."

"ಏನ್ ಕೇಳಿದ್ರು?"

"ಕೆಸರು ಯಾವ ಬಣ್ಣ ಅಂತ."

"ಅಷ್ಟಽ? ದಿನಾ ಘಾಟಿನ ಮ್ಯಾಲ ನಿನ್ನ ಬಾಜೂಕ ಕುಂತೀನಿ," ಎಂದರು ಅತ್ತೆ. "ನನಗ ಕೇಳಿದ್ರ ನಾನೂ ಹೇಳತಿದ್ದೆ."