ಮೂರನೆಯ ಸರ್ವರ್

ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟ ಬೆಳಿಗ್ಗೆ, ತುಂಗಭದ್ರೆಯ ಮಟ್ಟ ತಿಳಿಸುವ ವೆಬ್‌ಸೈಟಿಗೆ ಜನ ಮುಗಿಬಿದ್ದಿದ್ದರು. ಕೌಲ್ ಬಜಾರಿನ ಮಹಡಿ ಕೋಣೆಯಲ್ಲಿ ಕೂತು ಅದನ್ನು ನೋಡಿಕೊಳ್ಳುತ್ತಿದ್ದ ನಾಗಲಕ್ಷ್ಮಿಗೆ ಗಾಬರಿಯೇನೂ ಇರಲಿಲ್ಲ. ಬಂದವರನ್ನು ಮೂರು ಸರ್ವರ್‌ಗಳಿಗೆ ಸಮನಾಗಿ ಹಂಚುವ ಏರ್ಪಾಡಿತ್ತು. ಮೂರೂ ಸರಿಯಾಗಿವೆ ಎಂದೇ ಪರದೆ ತೋರಿಸುತ್ತಿತ್ತು.

ಅಷ್ಟರಲ್ಲಿ ಕೆಂಚನಗುಡ್ಡದಿಂದ ಸೋದರಮಾವ ಗಾದೆಪ್ಪನ ಫೋನ್ ಬಂತು.

"ನಾಗಿ, ನನ್ನ ಮೊಬೈಲ್‌ನ್ಯಾಗ ಬರೀ ಬಿಳಿ ಹಾಳಿ ಕಾಣತೈತಿ. ಬಾಜೂ ಹೊಲದ ಹುಲುಗೇಶಂಗ ಎಲ್ಲಾ ಬರಾಕತ್ತೈತಿ."

"ಮಾವ, ನೀರು ಏರಾಕತ್ತೈತಿ. ಮೊದ್ಲು ಹೊಳಿ ದಂಡ್ಯಾಗಿನ ಪಂಪಿನ ಮೋಟ್ರು ಮ್ಯಾಲ ಎತ್ತಿಸ್ರಿ."

ಫೋನಿಟ್ಟು ಒಂದೊಂದೇ ಸರ್ವರನ್ನು ತೆರೆದು ನೋಡಿದಳು. ಮೂರನೆಯದು ತಪಾಸಣೆಯ ತಂತ್ರಾಂಶ ಕೇಳಿದಾಗಲೆಲ್ಲ ಇದ್ದೇನೆ ಎನ್ನುತ್ತಿತ್ತು, ಆದರೆ ಬಂದವರಿಗೆ ಖಾಲಿ ಪುಟ ಕೊಡುತ್ತಿತ್ತು. ಅದನ್ನು ತೆಗೆದರೆ ಉಳಿದೆರಡು ಭಾರ ತಾಳದೆ ಕುಸಿದಾವು ಎಂದು ಅಳುಕಿದಳು. ಕೊನೆಗೆ ಭಾರ ತಗ್ಗಲೆಂದು ಪುಟದ ಚಿತ್ರಗಳನ್ನೆಲ್ಲ ಕಿತ್ತು, ಬರೀ ಅಂಕಿಗಳನ್ನು ಉಳಿಸಿ, ಮೂರನೆಯದನ್ನು ಹೊರಗಿಟ್ಟಳು. ಎರಡೂ ಹೇಗೋ ತಡೆದುಕೊಂಡವು.

ಸಂಜೆ ಗಾದೆಪ್ಪ ಮತ್ತೆ ಫೋನ್ ಮಾಡಿದ. "ಮೋಟ್ರು ಮನಿಗೆ ಬಂತವ್ವಾ. ಅದಿದ್ದ ಜಾಗ ಈಗ ಹೊಳಿಯಾಗ ಐತಿ."

ಖಾಲಿ ಪುಟ ನೋಡಿ ಯಾರಿಗೂ ಹೇಳದೆ ಸುಮ್ಮನಾದವರು ಎಷ್ಟು ಜನವೋ ಎಂದು ನಾಗಲಕ್ಷ್ಮಿಗೆ ಸಂಕಟವಾಯಿತು. ಸರ್ವರ್ ಉತ್ತರಿಸಿದರೆ ಸಾಲದು, ಪುಟದಲ್ಲಿ ನೀರಿನ ಅಂಕಿ ಇದ್ದರೆ ಮಾತ್ರ ಸರಿ ಎಂದು ತಪಾಸಣೆಯನ್ನು ಬದಲಿಸಿಯೇ ಅವಳು ಮೇಲೆದ್ದಳು.