ಬೇರು ಹಿಡಿಯುವವರೆಗೆ

ಎಡಗಾಲು ಮಡಚಲಿಲ್ಲ.

ಬೆನ್ನಿಗೆ ದಿಂಬು ಕೊಟ್ಟು, ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗ ಇಟ್ಟಾಗಿತ್ತು. ಬಲಗಾಲು ಹೇಳಿದ ಹಾಗೆ ಮಡಚಿಕೊಂಡಿತ್ತು. ಎಡ ಮಂಡಿಯನ್ನು ಮಾತ್ರ ಇಬ್ಬರು ಹೆಂಗಸರು ಅದುಮಿ ಅದುಮಿ ಸೋತಿದ್ದರು.

"ಇನ್ನೊಸಿ ಒತ್ರವ್ವ. ಕಾಲ್ ಚಾಚ್ಕೊಂಡು ಯಾರಾದ್ರೂ ಶಿವನತ್ರ ಒಯ್ತಾರಾ?" ಎಂದರು ವಿಶಾಲಾಕ್ಷಮ್ಮ. ಸತ್ತವಳಿಗೆ ಅವರು ಚಿಕ್ಕಮ್ಮ. ಗೆಟ್ಟವಾಡಿಯಿಂದ ಮೊದಲ ಬಸ್ಸಿಗೇ ಬಂದಿದ್ದರು.

"ಬುಡಿ ಚಿಕ್ಕವ್ವ," ಎಂದಳು ಬಾಗಿಲಲ್ಲಿ ನಿಂತಿದ್ದ ಪುಟ್ಟಬಸಮ್ಮ. "ಏಳ್ನೇ ವರ್ಸ್ದಲಿ ಜ್ವರ ಬಂದಾಗ್ಲಿಂದ ಮಡ್ಚಿಲ್ಲ ಆ ಕಾಲು. ಈಗ ಯಾಕ ಇಂಸೆ? ಅಂಗೇ ಇರ್ಲಿ."

ಹೆಂಗಸರು ಕೈ ತೆಗೆದರು.

ಪ್ರಮೀಳಾಳಿಗೆ ನಲವತ್ತೆಂಟು ವರ್ಷ. ಮದುವೆಯಾಗಿರಲಿಲ್ಲ. ದೊಡ್ಡಗಾಜನೂರಿನಲ್ಲಿ ಅಣ್ಣ ಗುರುಮಲ್ಲಪ್ಪನ ಮನೆಯ ಬದಿಯ ಕೋಣೆಯಲ್ಲಿ ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಂಡಿದ್ದಳು. ಆ ದಿನ ಬೆಳಿಗ್ಗೆ ಅತ್ತಿಗೆ ಪುಟ್ಟಬಸಮ್ಮ ಕಾಫಿ ತಂದಾಗ ಅವಳು ಮಿಷನ್ನಿನ ಮೇಲೆ ತಲೆಯಿಟ್ಟಿದ್ದಳು. ನಿದ್ದೆ ಬಂದಿರಬೇಕೆಂದುಕೊಂಡು ಪುಟ್ಟಬಸಮ್ಮ ಲೋಟ ಇಟ್ಟು ಹೊರಟಿದ್ದಳು. ಹೊಸ್ತಿಲು ದಾಟಿದವಳು ಮತ್ತೆ ತಿರುಗಿ ನೋಡಿದಳು. ಸೂಜಿ ಬಟ್ಟೆಯೊಳಗೇ ಇತ್ತು.

ಸೀರೆ ಹುಡುಕಲೆಂದು ಕೋಣೆಗೆ ಹೋಗಿದ್ದ ವಿಶಾಲಾಕ್ಷಮ್ಮ ಅಲ್ಲಿಂದಲೇ ಕೂಗಿದರು.

"ಗುರುಮಲ್ಲಾ, ಇದೇನ್ಲಾ ಇದು? ಈ ಕುಳ್ಳು ಮರ ಒಣ್ಗೋಗದಲ್ಲ. ಅವ್ಳ ಜೊತೇಲಿ ಗುಣೀಗಾಕ್ಬುಡ್ಲಾ. ಅವ್ಳ್ಗೂ ತೃಪ್ತಿ, ಮನಗೂ ಒಳ್ಳೇದು."

ಕಿಟಕಿಯಲ್ಲಿ, ಅಗಲವಾದ ಮಣ್ಣಿನ ಮುಚ್ಚಳವೊಂದರಲ್ಲಿ, ಗೇಣುದ್ದದ ಬಸರಿ ಬೋನ್ಸಾಯ್ ಮರ ನಿಂತಿತ್ತು. ನಾಲ್ಕೋ ಐದೋ ಎಲೆ ಉಳಿದಿದ್ದವು, ಅವೂ ಹಳದಿ. ಬೆಳಗಿನಿಂದ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದ ಗುರುಮಲ್ಲಪ್ಪ ಅದಕ್ಕೂ ತಲೆಯಾಡಿಸಿ ಒಳಗೆ ಹೋದ. ಬುಡಕ್ಕೆ ಕೈ ಹಾಕಿದ.

"ಮುಟ್ಬ್ಯಾಡಿ! ಅಲ್ಲಾಡುಸ್ಬ್ಯಾಡಿ! ಇನ್ನೂ ಜೀವ ಅದ!"

ಪುಟ್ಟಬಸಮ್ಮನ ಕೂಗು ನಡುಮನೆಗೂ ಜಗುಲಿಗೂ ಕೇಳಿಸಿತು. ಭಜನೆ ನಿಂತಿತು. ಕೂತಿದ್ದವರೆಲ್ಲ ಒಂದು ಕ್ಷಣ ಹೆಣದ ಮುಖವನ್ನೇ ದಿಟ್ಟಿಸಿದರು.

*

ಮೂರು ವಾರದ ಹಿಂದಿನವರೆಗೆ ಆ ಮರ ತುಂಬು ಎಲೆಗಳಿಂದ ಹಸಿರಾಗಿತ್ತು. ಹತ್ತು ವರ್ಷದ ಕೆಳಗೆ ಸಂಘದ ಹೆಂಗಸರ ಜೊತೆ ಊಟಿಯ ಹೂವಿನ ಪ್ರದರ್ಶನಕ್ಕೆ ಹೋದಾಗ ಪ್ರಮೀಳಾ ತಂದದ್ದು. ಅವಳು ಬೇರೆ ಊರು ನೋಡಲೆಂದು ಹೋದದ್ದು ಅದೊಂದೇ ಸಲ. ಉದ್ದಕ್ಕೂ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು.

ಪುಟ್ಟಬಸಮ್ಮನ ಮಗಳು ಶ್ವೇತಳನ್ನು ಚಾಮರಾಜನಗರದ ಕಡೆ ಕೊಟ್ಟಿದ್ದರು. ಅವಳಿಗೆ ಎರಡನೇ ಸಲವೂ ಬಸಿರು ನಿಲ್ಲಲಿಲ್ಲ. ಮನೆಯಲ್ಲಿ ಇಂಥದೊಂದು ಮರವಿದೆಯೆಂದು ಕೇಳಿದ ಜೋಯಿಸನೊಬ್ಬ, "ಬೆಳಿಯೋ ಮರಾನ ಕತ್ರುಸ್ಕೊಂಡು ಕೂತಿದ್ರ ವಂಶ ಎಂಗ್ ಬೆಳ್ದದು?" ಎಂದುಬಿಟ್ಟ. ಆ ಮಾತು ಪುಟ್ಟಬಸಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಪ್ರಮೀಳಾ ಸ್ನಾನಕ್ಕೆ ಹೋಗಿದ್ದಾಗ ಕೋಣೆ ಗುಡಿಸಲು ಬಂದವಳು ಕಿಟಕಿಯ ಮುಂದೆ ಬಹಳ ಹೊತ್ತು ನಿಂತಳು. ಕೈ ಜಾರಲಿಲ್ಲ. ತಳ್ಳಿದಳು.

ಕುಂಡ ಚೂರಾಯಿತು. ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು ಪ್ರಮೀಳಾ ಬಂದು ನಿಂತಳು.

"ಬೆಕ್ಕು ಬೀಳುಸ್ಬುಡ್ತು," ಎಂದಳು ಪುಟ್ಟಬಸಮ್ಮ.

ಪ್ರಮೀಳಾ ಚೂರುಗಳನ್ನು ನೋಡಿದಳು. ಅತ್ತಿಗೆಯನ್ನು ನೋಡಿದಳು.

"ಬೆಕ್ಕಿಗೇನೂ ಪೆಟ್ಟಾಗ್ನಿಲ್ವಲ್ಲ ಅತ್ಗೆ?"

ಆಮೇಲೆ ಚಾಪೆಯ ಮೇಲೆ ಕಾಲು ಚಾಚಿ ಕೂತು, "ಒಂಚೂರು ಇಡ್ಕತಿಯಾ? ಎರಡ್ ಕೈ ಸಾಲಾಕಿಲ್ಲ," ಎಂದಳು.

ಇಪ್ಪತ್ತೆಂಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ಏನನ್ನಾದರೂ ಹಿಡಿದುಕೋ ಎಂದು ಕೇಳಿದ್ದು ಅದೇ ಮೊದಲು. ಪುಟ್ಟಬಸಮ್ಮ ಎದುರಿಗೆ ಕೂತು ಮರವನ್ನು ಹಿಡಿದುಕೊಂಡಳು. ಬುಡ ಬೆಚ್ಚಗಿತ್ತು, ಗಂಟುಗಂಟಾಗಿತ್ತು. ಪ್ರಮೀಳಾ ಜಜ್ಜಿದ ಬೇರುಗಳನ್ನು ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಒಂದೊಂದಾಗಿ ಸವರಿದಳು. ಮಣ್ಣಿನ ಮುಚ್ಚಳಕ್ಕೆ ಮೊಳೆಯಿಂದ ತೂತು ಕೊರೆದು, ಜರಡಿ ಹಿಡಿದ ಮರಳು, ಇಟ್ಟಿಗೆ ಪುಡಿ, ಒಂದಿಷ್ಟು ಕೆಮ್ಮಣ್ಣು ಹಾಕಿದಳು. ಮರ ವಾಲದಂತೆ ಗುಂಡಿ ಹೊಲಿಯುವ ದಾರದಿಂದ ಬಿಗಿದಳು. ಇಬ್ಬರ ಹಣೆಯೂ ಒಂದೆರಡು ಸಲ ತಾಗಿತು.

"ಬದಿಕ್ಕತದಾ?" ಎಂದು ಪುಟ್ಟಬಸಮ್ಮ ಕೇಳಿದಳು.

"ಇನ್ನು ಎಲೆ ಉದುರುಸ್ತದ. ಸತ್ತೋಯ್ತು ಅನ್ಕಬಾರ್ದು. ಬೇರು ಇಡಿಯಗಂಟ ಅಲ್ಲಾಡುಸ್ದಂಗ ಬುಟ್ಬುಡ್ಬೇಕು ಕಣತ್ಗೆ. ಗೊಬ್ರ ಬ್ಯಾಡ, ಮದ್ಯಾನದ ಬಿಸ್ಲು ಬ್ಯಾಡ. ಬೆರಳಾಕಿ ನೋಡಿ, ಮೇಲ್ಮಣ್ಣು ಒಣ್ಗಿದ್ರ ಮಾತ್ರ ನೀರು."

ಎಲೆ ಉದುರತೊಡಗಿತು. ದಿನಾ ಬೆಳಿಗ್ಗೆ ಕಾಫಿ ತಂದಾಗ ಪುಟ್ಟಬಸಮ್ಮ ಕಿಟಕಿಯ ಹಲಗೆಯ ಮೇಲೆ ಬಿದ್ದ ಹಳದಿ ಎಲೆಗಳನ್ನು ನೋಡುತ್ತಿದ್ದಳು. ಬೆಕ್ಕಲ್ಲ, ನಾನು ಎನ್ನಬೇಕೆಂದು ದಿನಾ ಬಾಯಿಗೆ ಬರುತ್ತಿತ್ತು. ನಾಳೆ ಹೇಳಿದರಾಯಿತೆಂದು ಲೋಟ ಇಟ್ಟು ಹೋಗುತ್ತಿದ್ದಳು.

*

ಹೊಲದಲ್ಲಿ ಗುಣಿ ಸಾಲಲಿಲ್ಲ. ಕಾಲು ಮಡಚಿ ಕೂತ ದೇಹದ ಅಳತೆಗೆ ತೋಡಿದ್ದರು.

"ಒಂದ್ಗೇಣು ಮುಂದ್ಕ ತೋಡ್ಬೇಕು," ಎಂದ ತೋಡಿದವನು. ಗುರುಮಲ್ಲಪ್ಪ ಅವನ ಕೈಯಿಂದ ಹಾರೆ ಕಿತ್ತುಕೊಂಡು ತಾನೇ ಇಳಿದ. ಐನೋರು ಕಾದರು. ಎಲ್ಲರೂ ಕಾದರು. ಮಣ್ಣು ಗಟ್ಟಿಯಿತ್ತು. ಬೆವರಿಗೆ ಅವನ ಹಣೆಯ ವಿಭೂತಿ ಕರಗಿ ಕಣ್ಣಿಗಿಳಿಯಿತು.

"ಸಾಕು ಬಾ ಗುರುಮಲ್ಲಾ," ಎಂದರು ಯಾರೋ.

"ಇರಿ. ಕಾಲು ತಾಕಬಾರ್ದು," ಎಂದ ಅವನು, ಮತ್ತೂ ಅಗೆದ.

ಬಿಲ್ವಪತ್ರೆ, ವಿಭೂತಿ, ಉಪ್ಪು ಹಾಕಿ ಮಣ್ಣು ಮುಚ್ಚಿದರು. ಬಂದವರು ಮನೆಗೆ ಹಿಂದಿರುಗಿ, ಮಿಷನ್ನಿನ ಪಕ್ಕದಲ್ಲಿ ಹಚ್ಚಿಟ್ಟಿದ್ದ ದೀಪ ನೋಡಿ, ಮಾತಾಡದೆ ಹೊರಟರು. ಬಂಗಾರಮ್ಮನೆಂಬ ನೆರೆಯವಳು ಹೊಲಿಗೆ ಮುಗಿಯದ ತನ್ನ ರವಿಕೆಯನ್ನು ಮಿಷನ್ನಿನ ಮೇಲೆ ಗುರುತಿಸಿದಳು. ಮುಟ್ಟಲು ಹೋಗಿ ಕೈ ಹಿಂದೆಳೆದುಕೊಂಡಳು. "ಅಂಗೇ ಇರ್ಲಿ ಬುಡು ಬಸಮ್ಮ," ಎಂದು ಕಣ್ಣೊರೆಸಿಕೊಂಡು ಹೋದಳು.

ಕೋಣೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು.

"ಗೆಟ್ಟವಾಡಿ ಅಜ್ಜಿ ಯೇಳ್ದಂಗ ಕೇಳ್ಬೇಕಾಗಿತ್ತು ಕಣವ್ವ," ಎಂದಳು ಸುದ್ದಿ ಕೇಳಿ ಗಂಡನ ಮನೆಯಿಂದ ಬಂದಿದ್ದ ಶ್ವೇತ. "ಈ ಮರ ಕಂಡ್ರ ನಂಗ ಎದ್ರಿಕ. ಅತ್ತೆ ಇರಗಂಟ ಸರಿ. ಇನ್ಯಾಕ? ಅದೂ ಒಣ್ಗೋಗದ."

"ಒಣ್ಗಿಲ್ಲ."

ಪುಟ್ಟಬಸಮ್ಮ ಮರಕ್ಕೆ ಶಾಖ ತಾಗದಂತೆ ದೀಪವನ್ನು ಕಿಟಕಿಯಿಂದ ಒಂದು ಮಾರು ಈಚೆ ಸರಿಸಿದಳು. ಮರದ ಬುಡವನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ತೊಗಟೆಯ ಅಡಿಯಲ್ಲಿ ಕೂದಲೆಳೆಯಷ್ಟು ಹಸಿರು ಕಂಡಿತು. ಶ್ವೇತ ಬಗ್ಗಿ ನೋಡಿದಳು.

"ನಿಂಗ್ಯಾರ್ ಕಲ್ಸಿದ್ರವ್ವ ಇದ?"

"ಅದ ಬೆಕ್ಕು ಬೀಳುಸ್ನಿಲ್ಲ ಕಣವ್ವ. ನಾನೇ ತಳ್ದಿ. ನಿನ್ನೊಟ್ಟೇಲಿ ಕೂಸು ನಿಲ್ಲನಿ ಅಂತ ತಳ್ದಿ."

ಶ್ವೇತ ಮರದಿಂದ ಕಣ್ಣು ತೆಗೆದು ತಾಯಿಯತ್ತ ತಿರುಗಿದಳು.

"ಅತ್ತೆಗ ಗೊತ್ತಿತ್ತಾ?"

"ಗೊತ್ತಿತ್ತು. ನಾನ್ ಯೇಳ್ಳಿ ಅಂತ ಕಾಯ್ತಿದ್ಲೋ ಏನೋ. ದಿನಾ ನನ್ ಮೊಕ ನೋಡ್ಕೊಂಡು ಲೋಟ ಈಸ್ಕತಿದ್ಲು."

ಶ್ವೇತ ಅಳಲಿಲ್ಲ. ಮಣ್ಣಿಗೆ ಬೆರಳಿಟ್ಟು, "ಒಣ್ಗದ ಕಣವ್ವ," ಎಂದಷ್ಟೇ ಹೇಳಿದಳು. ಇಸ್ತ್ರಿಗೆ ಬಟ್ಟೆ ತೇವ ಮಾಡುವ ಸ್ಪ್ರೇ ಬಾಟಲಿಯನ್ನು ತಾಯಿಯ ಕೈಗೆ ಕೊಟ್ಟು, ಬೆಳಗಿನಿಂದ ಬಿದ್ದಿದ್ದ ಪಾತ್ರೆ ತೊಳೆಯಲು ಹೊರಗೆ ಹೋದಳು.

ಮಣ್ಣು ತೇವವಾಗುವಷ್ಟು ನೀರು ಹಾಕಿದ ಮೇಲೆ ಪುಟ್ಟಬಸಮ್ಮ ಬಾಟಲಿಯನ್ನು ಕೆಳಗಿಟ್ಟಳು. ಮಿಷನ್ನಿನ ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷಗಳಲ್ಲಿ ಅವಳು ಅದರ ಮೇಲೆ ಕೂತಿರಲಿಲ್ಲ. ತಲೆಯೆತ್ತಿದಳು. ಕೊಂಬೆಗಳ ನಡುವಿನಿಂದ, ಕಿಟಕಿಯ ಸರಳುಗಳಾಚೆ, ಪ್ರಮೀಳಾಳಿಗೆ ದಿನವೂ ಕಂಡಿರಬಹುದಾದ ಹಿತ್ತಲು ನೇರವಾಗಿ ಕಾಣುತ್ತಿತ್ತು: ಅಡಿಗೆಮನೆಯ ಬಾಗಿಲು, ನೀರಿನ ತೊಟ್ಟಿ, ತಾನು ದಿನಕ್ಕೆ ಹತ್ತು ಸಲ ಕೂತು ಏಳುವ ಕಲ್ಲು. ಅಲ್ಲಿ ಈಗ ಶ್ವೇತ ಕೂತಿದ್ದಳು. ಪಾತ್ರೆ ಉಜ್ಜುತ್ತಾ ಉಜ್ಜುತ್ತಾ ಕೈ ನಿಲ್ಲಿಸಿದಳು. ಯಾರೂ ನೋಡುತ್ತಿಲ್ಲವೆಂದುಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು.