ಸೊಂಟದ ಕ್ಲಿಪ್ಪು

ಆ ಹಾಳೆಯ ಮೇಲೆ ನಗುತ್ತಿರುವವಳು ನಾನೇ, ರಾಧಾಮಣಿ. ಹಾಳಾದ ನಗು.

ಹಾರೋಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಗಾಯದ ಕೀವು ಎಳೆಯುವ ಮೆಷಿನ್ ಮಾಡುತ್ತೇವೆ. ಸಣ್ಣ ಟಿಫನ್ ಡಬ್ಬಿಯಷ್ಟಿದೆ. ರೋಗಿ ಓಡಾಡಿಕೊಂಡಿರಲಿ ಅಂತ ಅದನ್ನು ಸೊಂಟಕ್ಕೆ ಸಿಕ್ಕಿಸಲು ಒಂದು ಕ್ಲಿಪ್ಪು, ಅಲ್ಲಿಂದ ಗಾಯಕ್ಕೆ ಒಂದು ಟ್ಯೂಬು. ಕ್ಲಿಪ್ಪು ಮಾಡಿದವರು ಬೆಲ್ಟು ಕಟ್ಟುವ ಗಂಡಸರು. ಸೀರೆ ಉಡುವವರಿಗೂ ಕಾಯಿಲೆ ಬರುತ್ತದೆ ಅಂತ ಆ ಮಹಾನುಭಾವರಿಗೆ ಹೊಳೆದಿರಲಿಲ್ಲ.

ಹೋದ ವರ್ಷ ಪರೀಕ್ಷೆಗೆ ಅಂತ ನಮ್ಮಲ್ಲೇ ಹತ್ತು ಹೆಂಗಸರನ್ನು ಕರೆದರು. ಮೆಷಿನ್ ಸಿಕ್ಕಿಸಿಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿ, ಹೇಗಿದೆ ಅಂತ ಹೇಳಬೇಕು. ನನ್ನದು ಮೊದಲ ಸುತ್ತಿಗೇ ನೆರಿಗೆಯನ್ನೂ ಎಳೆದುಕೊಂಡು ಜಾರಿತು. ಡಿಸೈನ್ ಮಾಡಿದ ಸಾಹೇಬರು ಬಂದು, ಆರಾಮಾಗಿದೆಯಾ ಅಂತ ಬಹಳ ಮರ್ಯಾದೆಯಿಂದ ಕೇಳಿದರು. ಸೂಪರ್‌ವೈಸರ್ ದೇವರಾಜು ಅವರ ಹಿಂದೆಯೇ ನಿಂತಿದ್ದ.

"ಚೆನ್ನಾಗೈತೆ ಸಾರ್," ಅಂದೆ.

ನನ್ನ ಹಿಂದಿದ್ದ ಒಂಬತ್ತು ಜನರೂ ಅದನ್ನೇ ಅಂದರು. ಫೋಟೋಗೆ ನಿಲ್ಲಿಸಿದಾಗ ಮತ್ತೆ ಜಾರಿ ಮಾನ ಹೋಗದಿರಲಿ ಅಂತ ಸೆರಗಿನ ಮರೆಯಲ್ಲಿ ಕ್ಲಿಪ್ಪನ್ನು ಸೀರೆಗೆ ಸೇರಿಸಿ ಎರಡು ಪಿನ್ನು ಚುಚ್ಚಿಕೊಂಡೆ. ಆ ಫೋಟೋವನ್ನೇ ಮೆಷಿನ್ ಜೊತೆ ಕೊಡುವ ಹಾಳೆಗೆ ಹಾಕಿಸಿದರು. ದೇವರಾಜುವನ್ನು ಬೈದು ಏನು ಬಂತು? ಅವನೇನು ನನ್ನ ಬಾಯಿ ಹಿಡಿದಿದ್ದನೇ?

ಈ ಶ್ರಾವಣದಲ್ಲಿ ಉಯ್ಯಂಬಳ್ಳಿಯಿಂದ ಅವ್ವನನ್ನು ಕರೆತಂದು ಆಸ್ಪತ್ರೆಗೆ ಸೇರಿಸಿದೆ. ಸಕ್ಕರೆ ಕಾಯಿಲೆಯವಳು, ಪಾದದ ಹುಣ್ಣು ಮೂಳೆಯ ತನಕ ಇಳಿದಿತ್ತು. ಮೂರು ವಾರ ಮೆಷಿನ್ ಹಾಕಿದರೆ ಕಾಲು ಉಳಿಯಬಹುದು ಅಂದರು ಡಾಕ್ಟರು. ಕುರಿಗಳ ಹಿಂದೆ ನಡೆದೇ ನಮ್ಮನ್ನು ಸಾಕಿದ ಕಾಲು ಅದು. ಹಾಕಿದ್ದು ನಮ್ಮ ಫ್ಯಾಕ್ಟರಿಯ ಮೆಷಿನ್ನೇ. ಅವತ್ತು ನನಗೆ ರಜೆ ಸಿಗಲಿಲ್ಲ, ನಾನು ಲೈನಿನಲ್ಲಿದ್ದೆ.

ಮುಂದಿನದನ್ನು ಹೇಳಿದವಳು ಪಕ್ಕದ ಮಂಚದ ಅನೀಸಾ. ಅವ್ವ ಮೊದಲು ಮೆಷಿನ್ನನ್ನು ತನ್ನ ಎಲೆಯಡಿಕೆ ಚೀಲದೊಳಗೆ ಇಟ್ಟು, ಚೀಲದ ದಾರವನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿಕೊಂಡಿದ್ದಳಂತೆ. ಇಡೀ ದಿನ ಅಲುಗಾಡಲಿಲ್ಲವಂತೆ. ಮಾರನೆಯ ಬೆಳಿಗ್ಗೆ ನರ್ಸು ಕೊಟ್ಟ ಹಾಳೆಯಲ್ಲಿ ನನ್ನ ಮುಖ ಕಂಡಿದೆ. ವಾರ್ಡಿಗೆಲ್ಲ ತೋರಿಸಿಕೊಂಡು ಬಂದಳಂತೆ. ಮಗಳು ಹಾಕಿಕೊಂಡ ಹಾಗೇ ಹಾಕಿಕೊಳ್ಳಬೇಕು ಅಂತ ಚೀಲ ಬಿಚ್ಚಿ, ಕ್ಲಿಪ್ಪನ್ನು ಸೀರೆಗೆ ಸಿಕ್ಕಿಸಿಕೊಂಡಳಂತೆ.

ಬಚ್ಚಲಿಗೆ ಹೋಗುವಾಗ ಮೆಷಿನ್ ಜಾರಿದೆ. ಹಿಡಿಯಲು ಹೋಗಿ ಗೋಡೆಯಿಂದ ಕೈ ಬಿಟ್ಟಳು. ಟ್ಯೂಬು ಕಾಲಿಗೆ ತೊಡರಿ ಬಿದ್ದಳು. ಗಾಯ ಹರಿದು ನಂಜು ಏರಿತು. ಐದನೆಯ ದಿನ ಮಂಡಿಯ ಕೆಳಗೆ ಕತ್ತರಿಸಿದರು.

ಪಿನ್ನಿನ ವಿಷಯ ಹೇಳಿಯೇ ಬಿಡಬೇಕು ಅಂತ ಮಂಚದ ಹತ್ತಿರ ಕೂತೆ. ಆ ಮೆಷಿನ್ನು ಸರಿಯಿಲ್ಲ ಅಂತ ಶುರು ಮಾಡುವಷ್ಟರಲ್ಲಿ ಅವ್ವ ತಡೆದಳು. ದಿಂಬಿನ ಕೆಳಗಿನ ಚೀಲದಿಂದ ಆ ಹಾಳೆ ತೆಗೆದು, ಮಡಿಕೆ ಬಿಡಿಸಿ, ನನ್ನ ಮುಂದೆ ಹಿಡಿದಳು.

"ಮೆಷಿನ್ನಿಗೇನೂ ಅನ್ಬ್ಯಾಡ ಕಣವ್ವ. ನಿನ್ ಸೊಂಟದಲ್ಲಿ ಎಷ್ಟ್ ಚೆಂದಾಗಿ ಕುಂತೈತೆ ನೋಡು. ನಂದೇ ಒಣಗೋಗೈತೆ. ಒಸಿ ಮೈಕೈ ತುಂಬ್ಕೊಂಡಿದ್ದಿದ್ರೆ ನಂಗೂ ನಿಂತ್ಕತಿತ್ತು, ಅಲ್ವಾ?"

ಹೂಂ ಅವ್ವ, ಅಂದೆ.